ಕಾಫಿ ಗಿಡದ ಜಾಡಿನಲ್ಲಿ ಆಮ್‌ಸ್ಟರ್‌ಡ್ಯಾಮ್

ಹೊರಡುವ ಮುಂಚೆ

ಬೆಂಗಳೂರಿನಿಂದ ಟೊರಾಂಟೊಗೆ ನೇರ ವಿಮಾನವಿಲ್ಲ. ದುಬೈ, ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಎಲ್ಲೋ ಒಂದು ಕಡೆ ಇಳಿದು ಇನ್ನೊಂದು ವಿಮಾನ ಹತ್ತಲೇಬೇಕು. ಚಿಕ್ಕಮಗಳೂರಿನಿಂದ ಮಕ್ಕಳ ಮನೆಗೆ ಹೋಗುವ ನಮ್ಮಂಥವರು ಸಾಮಾನ್ಯವಾಗಿ ಆ ಮೂರ್ನಾಲ್ಕು ಗಂಟೆಯನ್ನು ಏರ್‌ಪೋರ್ಟಿನ ಕುರ್ಚಿಯಲ್ಲಿ, ಬ್ಯಾಗಿನ ಮೇಲೆ ಕೈ ಇಟ್ಟುಕೊಂಡು ಕಳೆಯುತ್ತೇವೆ. ಈ ಸಲ ಮಗಳು ಫೋನಿನಲ್ಲಿ ಟಿಕೆಟ್ ನೋಡುತ್ತಿದ್ದಾಗ ನಾನೇ ಕೇಳಿದೆ, "ನಡುವೆ ಎರಡು ದಿನ ಅಲ್ಲೇ ಇದ್ದು ಬಂದರೆ ದುಡ್ಡು ಜಾಸ್ತಿ ಆಗುತ್ತಾ?"

ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ ಎಂದು ಗೊತ್ತಾಯಿತು. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಎನ್ನುವುದನ್ನು ಒತ್ತಿ, ಆಮ್‌ಸ್ಟರ್‌ಡ್ಯಾಮ್‌ಗೆ ಒಂದು ದಿನ, ಅಲ್ಲಿಂದ ಟೊರಾಂಟೊಗೆ ಇನ್ನೊಂದು ದಿನ ಎಂದು ಹಾಕಬೇಕು. ಎರಡೂ ಒಂದೇ ಟಿಕೆಟ್‌ನಲ್ಲಿ ಇರುವುದು ಮುಖ್ಯ. ಬೇರೆ ಬೇರೆ ತೆಗೆದುಕೊಂಡರೆ, ಮೊದಲನೆಯ ವಿಮಾನ ರದ್ದಾಗಿ ನಾವು ಎರಡನೆಯದಕ್ಕೆ ತಲುಪದೇ ಹೋದರೆ ಕೇಳುವವರಿರುವುದಿಲ್ಲ.

ಆಮ್‌ಸ್ಟರ್‌ಡ್ಯಾಮೇ ಏಕೆ ಎಂದರೆ ಕಾಫಿ. ನಮ್ಮದು ಆಲ್ದೂರು ಕಡೆ ಅರೇಬಿಕಾ ತೋಟ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಮುಂದೆ ಏನಾಯಿತು ಎನ್ನುವುದನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ. 1696ರಲ್ಲಿ ಡಚ್ಚರು ಮಲಬಾರಿನ ಕಣ್ಣೂರಿನಿಂದ ಕಾಫಿ ಗಿಡಗಳನ್ನು ಹಡಗಿನಲ್ಲಿ ಜಾವಾ ದ್ವೀಪಕ್ಕೆ ಸಾಗಿಸಿದರು. ಅವು ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಮತ್ತೆ ಒಯ್ದರು. ಈ ಸಲ ಬೇರು ಹಿಡಿದವು. ಅಲ್ಲಿ ಬೆಳೆದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಬಂತು. ಆ ಉದ್ಯಾನ ಈಗಲೂ ಇದೆ, ಟಿಕೆಟ್ ಕೊಟ್ಟರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಇದು ಗೊತ್ತಾದ ಮೇಲೆ ಬೇರೆ ಊರಿನ ಹೆಸರೇ ಬಾಯಿಗೆ ಬರಲಿಲ್ಲ.

ಇವರು ಬರುವಂತಿರಲಿಲ್ಲ. ಸೆಪ್ಟೆಂಬರ್ ಎಂದರೆ ಮಳೆ ಬಿಡುವು ಕೊಟ್ಟ ತಕ್ಷಣ ಕಳೆ ಹೊಡೆಸಬೇಕು, ಚಿಗುರು ತೆಗೆಸಬೇಕು, ಕುಯಿಲಿಗೆ ಮುಂಚೆ ಕಣದ ಬಿರುಕು ಮುಚ್ಚಿಸಬೇಕು. "ನೀನು ಹೋಗಿ ಬಾ, ತೋಟ ನಾನು ನೋಡ್ಕೋತೀನಿ" ಎಂದರು. ಹಾಗೆ ಒಬ್ಬಳೇ ಹೊರಡುವುದೆಂದಾಯಿತು.

ಏರ್‌ಪೋರ್ಟ್ ಬಿಟ್ಟು ಊರೊಳಗೆ ಕಾಲಿಡಬೇಕಾದರೆ ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ, ಬೇಕು. ಎರಡು ದಿನಕ್ಕೂ ಅದೇ ವೀಸಾ, ಎರಡು ತಿಂಗಳಿಗೂ ಅದೇ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ ಶುಲ್ಕ, ಅರ್ಜಿ ಕೇಂದ್ರದ ಖರ್ಚು ಬೇರೆ. ಹೋಗುವ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ನಿರ್ಧಾರ ಬರುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಹಾಳೆ ಖಾಲಿ ಇರಬೇಕು.

ನೌಕರಿಯಲ್ಲಿರುವವರಿಗೆ ಸಂಬಳದ ಚೀಟಿ, ರಜಾ ಪತ್ರ ಇದ್ದರೆ ಮುಗಿಯಿತು. ಬೆಳೆಗಾರರಾದ ನಮಗೆ ಎಲ್ಲಿಂದ ಬರಬೇಕು ಸಂಬಳದ ಚೀಟಿ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯವರು ಹಿಂಜರಿಯುವುದು ಇಲ್ಲಿಯೇ. ಕಾಫಿಯನ್ನು ಕ್ಯೂರಿಂಗ್ ಮಾಡದೆ, ಅಂದರೆ ಹೊಟ್ಟು ಬಿಡಿಸಿ ಬೀಜ ವಿಂಗಡಿಸದೆ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಅಥವಾ ಚೆರ್ರಿಯಾಗಿಯೇ (ಇಡಿಯಾಗಿ ಒಣಗಿಸಿದ ಹಣ್ಣು) ಮಾರುವವರ ಆದಾಯ ಪೂರ್ತಿ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ನಾಲ್ಕರಲ್ಲಿ ಒಂದು ಪಾಲು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಎಷ್ಟೋ ಸಣ್ಣ ಬೆಳೆಗಾರರ ಹತ್ತಿರ ತೋರಿಸುವಂಥ ದೊಡ್ಡ ರಿಟರ್ನ್ಸ್ ಇರುವುದಿಲ್ಲ. ಆದರೆ ಪಹಣಿ ಇರುತ್ತದೆ, ಕಾಫಿ ಬೋರ್ಡಿನ ನೋಂದಣಿ ಇರುತ್ತದೆ, ಕಾಫಿ ಮಾರಿದ ಬಿಲ್ಲುಗಳಿರುತ್ತವೆ, ಆ ಬಿಲ್ಲಿನ ದುಡ್ಡು ಬ್ಯಾಂಕಿಗೆ ಬಿದ್ದ ದಾಖಲೆ ಇರುತ್ತದೆ. ನಾನು ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದೆ. ಜೊತೆಗೆ ಒಂದು ಪುಟದ ಪತ್ರ ಬರೆದೆ. ನಮ್ಮ ಆದಾಯ ತಿಂಗಳು ತಿಂಗಳು ಬರುವುದಲ್ಲ, ನವೆಂಬರಿನಿಂದ ಫೆಬ್ರವರಿವರೆಗೆ ಕುಯಿಲು, ದುಡ್ಡು ಬರುವುದು ಅದಾದ ಮೇಲೆ, ನವೆಂಬರಿಗೆ ಮೊದಲು ನಾನು ತೋಟಕ್ಕೆ ವಾಪಸಾಗಲೇಬೇಕು ಎಂದು ವಿವರಿಸಿದೆ. ವಾಪಸು ಬರುತ್ತಾರೆ ಎಂಬ ನಂಬಿಕೆ ಬರುವುದು ಅವರಿಗೆ ಬೇಕಾದದ್ದು. ಕುಯಿಲಿಗಿಂತ ಗಟ್ಟಿ ಕಾರಣ ಇನ್ನೇನಿದೆ? ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದೆ. ವೀಸಾ ಬಂತು.

ರೂಮು ಹುಡುಕುವಾಗ ಆ ಊರಿನ ಮೆಟ್ಟಿಲುಗಳ ಬಗ್ಗೆ ತಿಳಿಯಿತು. ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಮನೆಗಳು ಬಲು ಕಿರಿದು, ಮೆಟ್ಟಿಲು ಏಣಿಯಷ್ಟು ಕಡಿದು. ಅಗ್ಗದ ಹೋಟೆಲುಗಳಲ್ಲಿ ಲಿಫ್ಟ್ ಇರುವುದಿಲ್ಲ. ಮಂಡಿ ನೋವಿರುವವರು ಬುಕ್ ಮಾಡುವ ಮುಂಚೆ ಇದೊಂದನ್ನು ಕೇಳಿಕೊಳ್ಳಲೇಬೇಕು. ರೂಮಿನ ಬಾಡಿಗೆಯ ಮೇಲೆ ಊರಿನವರು ಶೇ. 12.5 ಪ್ರವಾಸಿ ತೆರಿಗೆ ಹಾಕುತ್ತಾರೆ, ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ನಾನು ಪ್ಲಾಂಟಾಜ್ ಎಂಬ ಬಡಾವಣೆಯಲ್ಲಿ ರೂಮು ಹಿಡಿದೆ. ಸಸ್ಯೋದ್ಯಾನಕ್ಕೆ ನಡೆದೇ ಹೋಗುವಷ್ಟು ಹತ್ತಿರ, ಗದ್ದಲದ ಬೀದಿಗಳಿಂದ ದೂರ.

ಇನ್ನು ಏನೇನು ನೋಡುವುದು? ಒಬ್ಬೊಬ್ಬರು ಒಂದೊಂದು ಪಟ್ಟಿ ಕಳಿಸಿದರು. ವ್ಯಾನ್ ಗೋ ಮ್ಯೂಸಿಯಂಗೆ ಸಮಯ ಹಾಕಿದ ಟಿಕೆಟ್ ಮುಂಚೆಯೇ ತೆಗೆಯಬೇಕು. ನಾಜಿಗಳಿಂದ ಅಡಗಿ ಕೂತು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ. ಗಾಳಿಗಿರಣಿ ಊರಿಗೆ ಒಂದು ಬಸ್ಸು, ಚೀಸ್ ಊರಿಗೆ ಇನ್ನೊಂದು. ಎಲ್ಲವನ್ನೂ ಹಿಡಿದು ಹೊರಟರೆ ಎರಡು ದಿನವೂ ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ. ಕಾಫಿ ಗಿಡ ಹೋದ ದಾರಿಗೆ ಸೇರಿದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟೆ. ರೈಕ್ಸ್ ಮ್ಯೂಸಿಯಂ ಒಂದನ್ನು ಮಾತ್ರ ಬಿಡಲಾಗಲಿಲ್ಲ, ಅದಕ್ಕೆ ಬೇರೆ ಕಾರಣವಿತ್ತು.

ತುಪ್ಪದ ವಿಷಯ ಹೇಳಬೇಕು. ಮಗಳಿಗೆ ಮನೆಯ ತುಪ್ಪ ಬೇಕಿತ್ತು. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ನಡುವೆ ಎರಡು ದಿನ ಇಳಿಯುವುದರಿಂದ ಸೂಟ್‌ಕೇಸೂ ನಮ್ಮ ಜೊತೆ ಅಲ್ಲೇ ಇಳಿಯುತ್ತದೆ, ಆ ಕಾನೂನು ನಮಗೆ ಅನ್ವಯಿಸುತ್ತದೆ. ಹಾಗಾಗಿ ತುಪ್ಪ, ಪೇಡ ಮನೆಯಲ್ಲೇ ಉಳಿದವು. ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆ, ಕಾಫಿ ಪುಡಿ ಹೋದವು.

ಸೋಮವಾರ

ಬೆಳಿಗ್ಗೆ ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಿಂದ ಬೆಂಗಳೂರು ಬಸ್ಸು. ಬೇಲೂರು, ಹಾಸನ ದಾಟಿ ಚನ್ನರಾಯಪಟ್ಟಣದ ಹತ್ತಿರ ತಿಂಡಿ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿನಲ್ಲಿ ಏರ್‌ಪೋರ್ಟ್. ವಿಮಾನ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಆದರೆ ಮಲೆನಾಡಿನಿಂದ ಬರುವವರು ಮಧ್ಯಾಹ್ನವೇ ಬೆಂಗಳೂರಿನಲ್ಲಿರುವುದು ಒಳ್ಳೆಯದು. ರಸ್ತೆಯಲ್ಲಿ ಮರ ಬಿದ್ದರೂ, ಟ್ರಾಫಿಕ್ಕಿಗೆ ಸಿಕ್ಕಿದರೂ ಎದೆ ಹೊಡೆದುಕೊಳ್ಳಬೇಕಾಗಿಲ್ಲ.

ಕಾಯುವಾಗ ಒಂದು ಕೆಲಸ ಮುಗಿಸಿದೆ. ನಮ್ಮ ಬ್ಯಾಂಕ್ ಕಾರ್ಡುಗಳು ಹೊಸದಾಗಿ ಬರುವಾಗ ದೇಶದೊಳಗೆ ಮಾತ್ರ ನಡೆಯುವಂತೆ ಇರುತ್ತವೆ, ರಿಸರ್ವ್ ಬ್ಯಾಂಕ್ 2020ರಲ್ಲಿ ಮಾಡಿದ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ಹೊರದೇಶದ ಬಳಕೆ, ಮುಟ್ಟಿಸಿ ಪಾವತಿ ಮಾಡುವುದು ಎರಡನ್ನೂ ತೆರೆದುಕೊಳ್ಳಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದು ಬಹಳ ಮುಖ್ಯ. ಎಷ್ಟೋ ಅಂಗಡಿಗಳಲ್ಲಿ ನೋಟು ಮುಟ್ಟುವುದೇ ಇಲ್ಲ.

ಮಂಗಳವಾರ

ಬೆಂಗಳೂರಿನಿಂದ ಸುಮಾರು ಹತ್ತು ಗಂಟೆಯ ಪ್ರಯಾಣ. ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದರೆ ಅಲ್ಲಿ ಆಗಿನ್ನೂ ಬೆಳಗು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಮುಂದೆ ಎಲ್ಲಿಗೆ. ಹೋಟೆಲಿನ ಚೀಟಿ, ಮುಂದಿನ ಟಿಕೆಟ್ಟು ಎರಡನ್ನೂ ಕಾಗದದಲ್ಲಿ ಪ್ರಿಂಟ್ ಮಾಡಿಕೊಂಡಿದ್ದೆ. ಫೋನಿನಲ್ಲಿ ಹುಡುಕುತ್ತಾ ನಿಲ್ಲುವ ಪರದಾಟ ಇರಲಿಲ್ಲ.

ದೊಡ್ಡ ಸೂಟ್‌ಕೇಸನ್ನು ಏರ್‌ಪೋರ್ಟಿನ ಲಗೇಜ್ ಇಡುವ ಕಡೆ ಬಾಡಿಗೆಗೆ ಬಿಟ್ಟೆ. ಎರಡು ಜೊತೆ ಬಟ್ಟೆ, ಔಷಧಿ, ರೈನ್‌ಕೋಟ್ ಮಾತ್ರ ಬೆನ್ನುಚೀಲದಲ್ಲಿ. ಈ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೆಟ್ಟಿಲು ಹತ್ತುವಾಗ, ಟ್ರಾಮ್ ಹತ್ತುವಾಗ, ಕೊನೆಯ ದಿನ ಮ್ಯೂಸಿಯಂಗೆ ಹೋಗುವಾಗ, ಎಲ್ಲೆಲ್ಲೂ ಹಗುರ.

ಸ್ಕಿಪೋಲ್ ಏರ್‌ಪೋರ್ಟ್ ಇರುವುದು ಒಂದು ಕಾಲದ ಕೆರೆಯ ತಳದಲ್ಲಿ. ಹಾರ್ಲೆಮರ್‌ಮೇರ್ ಎಂಬ ಭಾರಿ ಸರೋವರವನ್ನು ಉಗಿ ಪಂಪುಗಳಿಂದ ಬರಿದು ಮಾಡಿ 1852ರಲ್ಲಿ ಒಣ ನೆಲವಾಗಿಸಿದರು. ಸಮುದ್ರ ಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ವಿಮಾನಗಳು ಇಳಿಯುತ್ತವೆ. ಸಾವಿರ ಮೀಟರ್ ಎತ್ತರದ ಊರಿನಿಂದ ಬಂದ ನನಗೆ ಇದು ದೊಡ್ಡ ಸಂಗತಿ. ರೈಲು ನಿಲ್ದಾಣ ಏರ್‌ಪೋರ್ಟಿನ ಅಡಿಯಲ್ಲೇ ಇದೆ. ಟಿಕೆಟ್ ಸಾಲಿನಲ್ಲಿ ನಿಲ್ಲುವುದೂ ಬೇಡ. ಗೇಟಿನ ಹತ್ತಿರ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಒಳಗೆ, ಇಳಿದ ಮೇಲೆ ಮತ್ತೆ ಅದೇ ಕಾರ್ಡ್ ಮುಟ್ಟಿಸಿ ಹೊರಗೆ. ಟ್ರಾಮಿಗೂ ಇದೇ ಕ್ರಮ. ಇಳಿಯುವಾಗ ಮುಟ್ಟಿಸುವುದನ್ನು ಮರೆತರೆ ದುಡ್ಡು ಜಾಸ್ತಿ ಹಿಡಿಯುತ್ತಾರೆ. ಕಾಲು ಗಂಟೆ ಚಿಲ್ಲರೆಯಲ್ಲಿ ಸೆಂಟ್ರಲ್ ಸ್ಟೇಷನ್.

ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮ್ಯೂಸಿಯಂ ಅಂತ ಒಳಗೆ ಕೂತರೆ ನಿದ್ದೆ ಎಳೆಯುತ್ತದೆ. ಬೆಳಕಿನಲ್ಲಿ ನಡೆಯುವುದು ಒಳ್ಳೆಯದು ಎಂದು ಮೊದಲೇ ಹಾಕಿಕೊಂಡಿದ್ದೆ. ಸ್ಟೇಷನ್ನಿನ ಹಿಂಬದಿಯಿಂದ ನೀರಿನ ಆಚೆ ದಡಕ್ಕೆ ಫೆರಿ ಹೋಗುತ್ತದೆ, ದುಡ್ಡಿಲ್ಲ. ಸೈಕಲ್ ಹಿಡಿದ ಆಫೀಸಿನವರ ನಡುವೆ ನಿಂತು ಹೋಗಿ ಬಂದೆ. ಆಮೇಲೆ ಕಾಲುವೆಗಳ ಉದ್ದಕ್ಕೆ ನಡೆದೆ.

ಈ ಕಾಲುವೆಗಳನ್ನು ತೋಡಲು ಶುರು ಮಾಡಿದ್ದು 1613ರಲ್ಲಿ. 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮನೆಗಳೆಲ್ಲ ಕೆಸರಿನಲ್ಲಿ ಹೊಡೆದ ಮರದ ಕಂಬಗಳ ಮೇಲೆ ನಿಂತಿವೆ. ಡಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬಗಳು. ನೀರಿನಡಿ ಗಾಳಿ ತಾಗದೆ ಇರುವವರೆಗೆ ಮರ ಕೊಳೆಯುವುದಿಲ್ಲ. ತಲೆ ಎತ್ತಿ ನೋಡಿದರೆ ಪ್ರತಿ ಮನೆಯ ನೆತ್ತಿಯಲ್ಲಿ ಒಂದು ತೊಲೆ ಹೊರಚಾಚಿಕೊಂಡಿದೆ, ಅದರ ತುದಿಗೆ ಕಬ್ಬಿಣದ ಕೊಕ್ಕೆ. ಮೆಟ್ಟಿಲು ಕಿರಿದಾದ್ದರಿಂದ ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದಲೇ ಒಳಗೆ ಎಳೆದುಕೊಳ್ಳುತ್ತಿದ್ದರು. ಎಷ್ಟೋ ಮನೆಗಳ ಮುಂಗೋಡೆ ರಸ್ತೆಯ ಕಡೆಗೆ ಸ್ವಲ್ಪ ವಾಲಿಯೂ ಇದೆ. ಮೇಲೆ ಹೋಗುವ ಮೂಟೆ ಗೋಡೆಗೆ ಉಜ್ಜಬಾರದಲ್ಲ. ಒಬ್ಬರು ಇವತ್ತಿಗೂ ಆ ಕೊಕ್ಕೆಗೆ ಹಗ್ಗ ಹಾಕಿ ಸೋಫಾ ಏರಿಸುತ್ತಿದ್ದರು. ಅವರು ಅದನ್ನು ಒಳಗೆ ಎಳೆದುಕೊಳ್ಳುವವರೆಗೂ ಸೇತುವೆ ಮೇಲೆ ನಿಂತು ನೋಡಿದೆ. ಅಟ್ಟದಲ್ಲಿ ಕಾಳುಮೆಣಸು, ಕಾಫಿ ಮೂಟೆ ಪೇರಿಸಿಡುತ್ತಿದ್ದ ವ್ಯಾಪಾರಿಗಳ ಮನೆಗಳಿವು.

ಒಂದು ಎಚ್ಚರ ಮಾತ್ರ ಬೇಕು. ಕೆಂಪು ಬಣ್ಣದ ದಾರಿ ಸೈಕಲ್ಲಿನದು, ಅದರಲ್ಲಿ ನಡೆಯಬಾರದು. ಅವರು ವೇಗ ಇಳಿಸುವುದಿಲ್ಲ, ಗಂಟೆ ಹೊಡೆಯುತ್ತಾರೆ ಅಷ್ಟೇ. ಛತ್ರಿಯೂ ಅಲ್ಲಿಯ ಗಾಳಿಗೆ ನಿಲ್ಲುವುದಿಲ್ಲ. ರೈನ್‌ಕೋಟೇ ಸರಿ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ಕೊಳ್ಳುವ ಖರ್ಚಿಲ್ಲ.

ಸಂಜೆ ಸೂಪರ್ ಮಾರ್ಕೆಟ್ಟಿನಿಂದ ಮೊಸರು, ಬ್ರೆಡ್ಡು, ಬಾಳೆಹಣ್ಣು ತಂದು ತಿಂದು ಬೇಗ ಮಲಗಿದೆ.

ಬುಧವಾರ

ಬಾಗಿಲು ತೆಗೆಯುವ ಹೊತ್ತಿಗೆ ಆ ಸಸ್ಯೋದ್ಯಾನದ, ಹಾರ್ಟಸ್ ಬೊಟಾನಿಕಸ್‌ನ, ಮುಂದೆ ಇದ್ದೆ. ಊರಿನಲ್ಲಿ ಪ್ಲೇಗ್ ಬಂದು ಹೋದ ಮೇಲೆ ವೈದ್ಯರಿಗೆ, ಔಷಧಿ ಮಾಡುವವರಿಗೆ ಗಿಡಮೂಲಿಕೆ ಕಲಿಸಲು 1638ರಲ್ಲಿ ಶುರುವಾದ ತೋಟ ಇದು. ದೊಡ್ಡದೇನಲ್ಲ. ನಮ್ಮ ಕಡೆಯ ಸಣ್ಣ ಹಿಡುವಳಿಯಷ್ಟೇ ಜಾಗ. ಆದರೆ ಪ್ರತಿ ಗಿಡದ ಬುಡದಲ್ಲೂ ಹೆಸರಿನ ಫಲಕ, ಪ್ರತಿ ಗಿಡಕ್ಕೂ ಎಲ್ಲಿಂದ ಬಂತೆಂಬ ದಾಖಲೆ. ತಾಳೆ ಜಾತಿಯ ಗಿಡಗಳನ್ನಿಟ್ಟ ಪಾಮ್ ಮನೆಯಲ್ಲಿ ಮುನ್ನೂರು ವರ್ಷದ, ತಾಳೆಯ ಹಾಗೆ ಕಾಣುವ ಒಂದು ಸೈಕಾಡ್ ಗಿಡ ಕುಂಡದಲ್ಲಿ ನಿಂತಿದೆ.

ಕಾಫಿ ಗಿಡ ಗಾಜಿನ ಮನೆಯೊಳಗೆ ಇತ್ತು. ಬಾಗಿಲು ತಳ್ಳಿದ ಕೂಡಲೇ ಕನ್ನಡಕಕ್ಕೆ ಮಂಜು ಹಿಡಿಯಿತು. ಒರೆಸಿಕೊಂಡು ನೋಡಿದರೆ, ಬಾಳೆಯ ಪಕ್ಕದಲ್ಲಿ, ಆಳೆತ್ತರದ ಅರೇಬಿಕಾ. ಜೋಡಿ ಜೋಡಿ ಎಲೆ, ಅಂಚು ಅಲೆಅಲೆ. ಕಾಫಿ ಬೆಳೆಯುವವರು ಎಲ್ಲಿ ಗಿಡ ಕಂಡರೂ ಮೊದಲು ಮಾಡುವುದು ಎಲೆ ಮಗುಚಿ ನೋಡುವುದು, ತುಕ್ಕು ರೋಗ ಇದೆಯಾ ಅಂತ. ನಾನೂ ಕೆಳಗಿನ ಎಲೆಯನ್ನು ಮೆಲ್ಲಗೆ ಮಗುಚಿದೆ. ಕಿತ್ತಳೆ ಬಣ್ಣದ ಪುಡಿ ಒಂದು ಚುಕ್ಕಿಯೂ ಇರಲಿಲ್ಲ. ನಡುನರದ ಪಕ್ಕದಲ್ಲಿ ಹತ್ತಿಯ ಹಾಗೆ ಒಂದಿಷ್ಟು ಹಿಟ್ಟು ತಿಗಣೆ. ಗೆಣ್ಣಿನಲ್ಲಿ ನಾಲ್ಕೈದು ಹಸಿರು ಕಾಯಿ, ಒಂದು ಹಣ್ಣು. ರೆಕ್ಕೆಗಳನ್ನು, ಅಂದರೆ ಅಡ್ಡ ಕೊಂಬೆಗಳನ್ನು, ಅಗತ್ಯಕ್ಕಿಂತ ಜಾಸ್ತಿ ಬಿಟ್ಟಿದ್ದರು. ಬುಡದಿಂದ ಎದ್ದ ಚಿಗುರನ್ನೂ ತೆಗೆದಿರಲಿಲ್ಲ. ಕಾಯಿಗಾಗಿ ಬೆಳೆಸುವ ಗಿಡ ಅಲ್ಲ ಅಲ್ವಾ, ಬೇಕಾದ ಹಾಗೆ ಬೆಳೆಯಲು ಬಿಟ್ಟಿದ್ದಾರೆ.

ಅಲ್ಲೇ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. 1706ರಲ್ಲಿ ಬಂದ ಗಿಡ ಇದೇ ಅಲ್ಲ, ಅದು ಯಾವತ್ತೋ ಹೋಗಿದೆ. ಆದರೆ ಅದು ಬದುಕಿ ಹಣ್ಣು ಬಿಟ್ಟ ತೋಟ ಇದು. ಅದರ ಬೀಜದ ಸಸಿಗಳನ್ನು ಇಲ್ಲಿಂದ ಬೇರೆ ಬೇರೆ ಕಡೆ ಕಳಿಸಿದರು. 1714ರಲ್ಲಿ ಊರಿನ ಆಡಳಿತದವರು ಒಂದು ಗಿಡವನ್ನು ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆ ಕೊಟ್ಟರು. ಆ ಸಂತತಿಯ ಗಿಡ ಮುಂದೆ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಹೋಯಿತು. ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನಲ್ಲೂ ಕಾಫಿ ಎದ್ದಿತು. ಪಕ್ಕದ ಫ್ರೆಂಚ್ ಗಯಾನದಿಂದ 1727ರಲ್ಲಿ ಬ್ರೆಜಿಲ್‌ಗೆ ದಾಟಿತು. ಇವತ್ತು ನಮ್ಮ ಪಾರ್ಚ್‌ಮೆಂಟಿನ ರೇಟು ಏರುವುದೂ ಇಳಿಯುವುದೂ ಬ್ರೆಜಿಲ್‌ನಲ್ಲಿ ಹಿಮ ಬಿತ್ತಾ, ಮಳೆ ಬಂತಾ ಎನ್ನುವುದರ ಮೇಲೆ. ಆ ಬ್ರೆಜಿಲ್‌ನ ಹಳೆಯ ಗಿಡಗಳ ಹಿರಿಯರು ಮಲಬಾರಿನ ದಂಡೆಯಿಂದ ಹಡಗು ಹತ್ತಿದವರು. ಟಿಪಿಕಾ ಎಂದು ಕರೆಯುವ ತಳಿ ಇದೇ. ನಮ್ಮ ತೋಟದಲ್ಲಿರುವ ಎಸ್.795 ಎಂಬ ಅರೇಬಿಕಾ ತಳಿಯ ಗಿಡಕ್ಕೂ ಒಂದು ಕಡೆಯಿಂದ ಕೆಂಟ್ ತಳಿಯ ರಕ್ತವಿದೆ. ಆ ಕೆಂಟ್ ಸಿಕ್ಕಿದ್ದು ನಮ್ಮ ಜಿಲ್ಲೆಯ ತೋಟದಲ್ಲೇ.

ಇವರಿಗೆ ವಿಡಿಯೋ ಕಾಲ್ ಮಾಡಿ ಗಿಡ ತೋರಿಸಿದೆ. ನಮ್ಮಲ್ಲಿ ಆಗ ಮಧ್ಯಾಹ್ನ, ಊಟಕ್ಕೆ ಬಂದಿದ್ದರು. "ನೆರಳು ಜಾಸ್ತಿ ಆಯ್ತು ಅದಕ್ಕೆ. ಕಾಯಿ ಕಚ್ಚಲ್ಲ. ಒಂದು ಕಸಿ ಮಾಡಿದ್ರೆ ಚೆನ್ನಾಗಿರುತ್ತಿತ್ತು" ಎಂದರು. ಕಸಿ ಎಂದರೆ ಕಾಫಿಯವರ ಮಾತಿನಲ್ಲಿ ಬೇಡದ ರೆಕ್ಕೆ ಸವರುವುದು. ಪಕ್ಕದಲ್ಲಿ ನೀರು ಹಾಯಿಸುತ್ತಿದ್ದ ಹುಡುಗಿ ಏನೆಂದು ಕೇಳಿದಳು. ಕಸಿಯ ವಿಷಯ ಹೇಳಿದೆ. ಯಾವ ರೆಕ್ಕೆ ಉಳಿಸಬೇಕು, ಯಾವುದು ತೆಗೆಯಬೇಕು ಎಂದು ಕೈಸನ್ನೆಯಲ್ಲಿ ತೋರಿಸಿದೆ. ಅವಳು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು.

ಅಲ್ಲಿಂದ ಔಡೆ ಹೂಗ್‌ಸ್ಟ್ರಾಟ್ ಬೀದಿಗೆ ನಡೆದೆ. ಅಂಗಡಿಗಳ ಸಾಲಿನ ನಡುವೆ ಒಂದು ಕಮಾನು, ಅದರೊಳಗೆ ಇಟ್ಟಿಗೆ ಕಟ್ಟಡದ ಅಂಗಳ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಮ್‌ಸ್ಟರ್‌ಡ್ಯಾಮ್ ಕಚೇರಿ ಇದು. 1602ರಲ್ಲಿ ಹುಟ್ಟಿದ ಕಂಪನಿ, 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಹಿಡಿದ ಕಂಪನಿ. ಮಲಬಾರಿನ ಕಾಫಿಯನ್ನು ಜಾವಾಕ್ಕೆ ಒಯ್ಯಿರಿ ಎಂದು ಒತ್ತಾಯ ಹಾಕಿದ್ದು ಈ ಊರಿನ ಮೇಯರ್ ನಿಕೊಲಾಸ್ ವಿಟ್ಸನ್, ಅವನು ಈ ಕಂಪನಿಯ ಆಡಳಿತದಲ್ಲೂ ಇದ್ದ. ಈಗ ಇಲ್ಲಿ ವಿಶ್ವವಿದ್ಯಾಲಯ. ಅಂಗಳದ ತುಂಬ ಸೈಕಲ್ಲು, ಮೆಟ್ಟಿಲ ಮೇಲೆ ಕೂತು ಊಟ ಮಾಡುವ ಹುಡುಗ ಹುಡುಗಿಯರು. ನಮ್ಮ ಬೆಟ್ಟದ ಬೆಳೆಯ ಮೇಲೆ ಕಣ್ಣಿಟ್ಟ ಜನ ಕೂತಿದ್ದ ಕೋಣೆಗಳ ಕಿಟಕಿಗಳನ್ನು ನೋಡುತ್ತಾ ನಿಂತಾಗ ನನಗೆ ಸಿಟ್ಟೂ ಬಂತು, ಅವರ ಹಟದ ಬಗ್ಗೆ ಬೆರಗೂ ಆಯಿತು. ಯೆಮನ್‌ನವರು ಬೀಜ ಹೊರಗೆ ಬಿಡದೆ ಕಾಯುತ್ತಿದ್ದ ಗಿಡವನ್ನು ಒಂದೆರಡು ತಲೆಮಾರಿನಲ್ಲಿ ಭೂಮಿಯ ಆ ಕಡೆಯವರೆಗೆ ಮುಟ್ಟಿಸಿದರಲ್ಲ.

ಮಧ್ಯಾಹ್ನದ ಊಟಕ್ಕೆ ಸುರಿನಾಮ್‌ನವರ ಅಂಗಡಿ ಹುಡುಕಿದೆ. ಇದೂ ಕಾಫಿಯ ದಾರಿಯೇ. ಸುರಿನಾಮ್‌ನ ಕಾಫಿ, ಕಬ್ಬಿನ ತೋಟಗಳನ್ನು ಬೆಳೆಸಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1863ರಲ್ಲಿ ಡಚ್ಚರು ಗುಲಾಮಗಿರಿ ನಿಲ್ಲಿಸಿದರು. ತೋಟಕ್ಕೆ ಆಳು ಬೇಕಾಯಿತು. ಕಲ್ಕತ್ತಾದಿಂದ ಲಾಲಾ ರೂಖ್ ಎಂಬ ಹಡಗು 1873ರ ಜೂನ್‌ನಲ್ಲಿ ಮೊದಲ ತಂಡದ ಭಾರತೀಯ ಕೂಲಿಯವರನ್ನು ಅಲ್ಲಿಗೆ ಮುಟ್ಟಿಸಿತು. 1916ರವರೆಗೆ ಸುಮಾರು 34,000 ಜನ ಹೋದರು, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿನಲ್ಲಿ ಬಹಳ ಮಂದಿ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಹಾಗಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೊಟ್ಟಿ ಅಂಗಡಿಗಳಿಗೆ ಬರವಿಲ್ಲ. ಸಸ್ಯಾಹಾರಿಗಳು ಚೀಸ್ ಬ್ರೆಡ್ಡಿನಲ್ಲೇ ದಿನ ದೂಡಬೇಕು ಎಂದು ಹೆದರಬೇಕಾಗಿಲ್ಲ.

ತಟ್ಟೆ ತುಂಬುವಷ್ಟು ದೊಡ್ಡ ರೊಟ್ಟಿ, ನಾಲ್ಕು ಮಡಿಕೆ. ಬಿಚ್ಚಿದರೆ ಒಳಗೆ ಬೇಯಿಸಿ ಪುಡಿ ಮಾಡಿದ ಬೇಳೆ, ಬೆಲ್ಲ ಹಾಕದ ಹೋಳಿಗೆಯ ಹಾಗೆ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕುಂಬಳಕಾಯಿ, ಉದ್ದುದ್ದ ಅಲಸಂದೆ ಕಾಯಿ. ಬಡಿಸಿದ ಅಜ್ಜಿ ಇಂಡಿಯಾದವರಾ ಎಂದು ಹಿಂದಿಯಂಥ ಭಾಷೆಯಲ್ಲಿ ಕೇಳಿದರು. ಹೌದೆಂದೆ. ನನ್ನ ಹಿಂದಿ ಅಷ್ಟಕ್ಕಷ್ಟೇ, ಅವರದು ಭೋಜ್‌ಪುರಿ ಬೆರೆತದ್ದು. ಆದರೂ ಮಾತು ನಡೆಯಿತು. ಅವರ ತಾಯಿಯ ಅಜ್ಜ ತೋಟದ ಕೂಲಿಗೆ ಹೋದವರಂತೆ. ನಮ್ಮದು ಕಾಫಿ ತೋಟ ಎಂದು ನಾನು ಹೇಳಿದಾಗ ಅವರು ಮೊದಲು ಕೇಳಿದ್ದು, "ನಿಮ್ಮ ಕೆಲಸದವರಿಗೆ ಇರಲು ಮನೆ ಚೆನ್ನಾಗಿದೆಯಾ?" ಇದೆ, ಹೋದ ವರ್ಷ ಲೈನ್ ಮನೆಗಳಿಗೆ ಹೊಸ ಹೆಂಚು ಹಾಕಿಸಿದೆವು, ಕುಡಿಯುವ ನೀರಿನ ಟ್ಯಾಂಕು ಮಾತ್ರ ಆಗಬೇಕು ಎಂದೆ. "ಮಾಡಿಸಿ" ಎಂದರು. ಆ ಟ್ಯಾಂಕಿನ ಕೆಲಸ ಕುಯಿಲಿಗೆ ಮುಂಚೆ ಮುಗಿಯಬೇಕು ಎಂದು ಅಂದೇ ರಾತ್ರಿ ಇವರಿಗೆ ಹೇಳಿದೆ.

ಸಂಜೆ ರೂಮಿಗೆ ನಡೆಯುವಾಗ ವೀಸ್ಪರ್‌ಸ್ಟ್ರಾಟ್ ರಸ್ತೆಯಲ್ಲಿ ಇಟ್ಟಿಗೆಯ ಉದ್ದ ಗೋಡೆಗಳು ಕಂಡವು. ಒಂದೊಂದು ಇಟ್ಟಿಗೆಯ ಮೇಲೂ ಒಂದು ಹೆಸರು, ಹುಟ್ಟಿದ ದಿನ, ಸಾಯುವಾಗ ಎಷ್ಟು ವಯಸ್ಸು. ನಾಜಿಗಳು ಈ ದೇಶದಿಂದ ಎಳೆದೊಯ್ದು ಕೊಂದ ಯಹೂದಿಗಳ, ಯುರೋಪಿನ ಅಲ್ಪಸಂಖ್ಯಾತರಾದ ರೋಮಾ ಮತ್ತು ಸಿಂತಿ ಜನರ ಹೆಸರುಗಳು, 1,02,000ಕ್ಕೂ ಹೆಚ್ಚು. 2021ರಲ್ಲಿ ತೆರೆದ ಸ್ಮಾರಕ. ವಯಸ್ಸು ಒಂದು, ವಯಸ್ಸು ನಾಲ್ಕು ಎಂದಿದ್ದ ಇಟ್ಟಿಗೆಗಳ ಹತ್ತಿರ ಕಾಲು ಮುಂದೆ ಹೋಗಲಿಲ್ಲ. ನಾನು ಉಳಿದುಕೊಂಡಿದ್ದ ಬಡಾವಣೆಯೇ ಅವರಲ್ಲಿ ಬಹಳ ಮಂದಿ ಬದುಕಿದ್ದ ಜಾಗ. ಆನ್ ಫ್ರಾಂಕ್ ಮನೆಯ ಟಿಕೆಟ್ ಸಿಗದವರು ಇಲ್ಲಿಗಾದರೂ ಬರಲಿ. ಟಿಕೆಟ್ ಇಲ್ಲ, ಸಾಲೂ ಇಲ್ಲ.

ಗುರುವಾರ

ಟೊರಾಂಟೊ ವಿಮಾನ ಮಧ್ಯಾಹ್ನ. ರೈಕ್ಸ್ ಮ್ಯೂಸಿಯಂ ಒಂಬತ್ತಕ್ಕೆ ತೆರೆಯುತ್ತದೆ, ಮೊದಲ ಹೊತ್ತಿನ ಟಿಕೆಟ್ ಊರಿನಿಂದಲೇ ತೆಗೆದಿದ್ದೆ. ಬೆನ್ನುಚೀಲವನ್ನು ಲಾಕರಿನಲ್ಲಿಟ್ಟು ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಲ್ಲಿ ಜನ ಸೇರುತ್ತಿದ್ದಂತೆ ಏಷ್ಯಾದ ವಿಭಾಗಕ್ಕೆ ಹೋದೆ. ನಾನು ಬಂದದ್ದೇ ಅದಕ್ಕೆ. ತಮಿಳುನಾಡಿನ ಕಂಚಿನ ನಟರಾಜ, ಚೋಳರ ಕಾಲದ್ದು, ನನ್ನಷ್ಟೇ ಎತ್ತರ.

ಮೈಮೇಲೆ ಒಂದು ಎಳೆ ಬಟ್ಟೆಯಿಲ್ಲ, ಹೂವಿಲ್ಲ. ಹಾಗಾಗಿ ದೇವಸ್ಥಾನದಲ್ಲಿ ಯಾವತ್ತೂ ಕಾಣದ್ದು ಕಾಣುತ್ತದೆ. ಮೇಲೆತ್ತಿದ ಪಾದದ ಬೆರಳುಗಳ ಉಂಗುರ, ಸೊಂಟದ ಪಟ್ಟಿಯ ಗಂಟು, ಹಾರಿದ ಜಟೆಯ ನಡುವೆ ಪುಟ್ಟ ಗಂಗೆ. ಬೇಲೂರಿನಲ್ಲಿ 1117ರಿಂದ ಚೆನ್ನಕೇಶವನಿಗೆ ಪೂಜೆ ನಡೆಯುತ್ತಿದೆ, ಅಲಂಕಾರದ ಹಿಂದೆ ಕಲ್ಲಿನ ಕೆಲಸ ಹೇಗಿದೆ ಎಂದು ನಾವು ನೋಡಿರುವುದೇ ಕಡಿಮೆ. ಆದರೂ ನನ್ನನ್ನು ಕೇಳಿದರೆ ದೇವರು ಹೂವು, ದೀಪ, ಜನರ ನಡುವೆ ಇರಬೇಕು. ಇಲ್ಲಿ ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದು ಮೆಚ್ಚಿದೆ, ಇಲ್ಲಿರಬಾರದಿತ್ತು ಎಂದೂ ಅನಿಸಿತು. ಕಾವಲಿನವರು ಆ ಕಡೆ ತಿರುಗಿದ್ದಾಗ ಕೈ ಮುಗಿದೆ.

ಮ್ಯೂಸಿಯಂ ಹತ್ತಿರದಿಂದಲೇ 397ನೇ ನಂಬರಿನ ಬಸ್ಸು ನೇರ ಏರ್‌ಪೋರ್ಟಿಗೆ ಹೋಗುತ್ತದೆ. ಸೂಟ್‌ಕೇಸ್ ಬಿಡಿಸಿಕೊಂಡು, ಚೆಕ್ ಇನ್ ಮಾಡಿ, ಪಾಸ್‌ಪೋರ್ಟ್ ಸಾಲು ದಾಟುವುದಕ್ಕೆ ಮೂರು ಗಂಟೆ ಇಟ್ಟುಕೊಂಡಿದ್ದೆ. ಅಷ್ಟೂ ಬೇಕಾಯಿತು.

ಟೊರಾಂಟೊದಲ್ಲಿ ಮಗಳ ಮನೆ ಸೇರಿದ ವಾರದಲ್ಲೇ ಮೂಡಿಗೆರೆಯ ನನ್ನ ಓರಗಿತ್ತಿ ಫೋನ್ ಮಾಡಿದರು. ಕುಯಿಲು ಮುಗಿದ ಮೇಲೆ ಮಗನ ಮನೆಗೆ ಹೋಗುವಾಗ ಅವರಿಗೂ ಒಬ್ಬರೇ ಎಲ್ಲಾದರೂ ಇಳಿಯುವ ಆಸೆಯಂತೆ. ಅವರಿಗೆ ಸಂಗೀತ ಎಂದರೆ ಪ್ರಾಣ, ವಿಯೆನ್ನಾ ಎಂದು ಯೋಚಿಸಿದ್ದಾರೆ. ನನ್ನ ಅರ್ಜಿಯ ಫೈಲು ದೇವರ ಕೋಣೆಯ ಪಕ್ಕದ ಬೀರುವಿನಲ್ಲಿದೆ, ಇವರ ಹತ್ತಿರ ಇಸ್ಕೊಳ್ಳಿ ಎಂದೆ. ಮೊದಲು ವೀಸಾ ಕೇಂದ್ರದಲ್ಲಿ ಯಾವ ದಿನ ಖಾಲಿ ಇದೆ ನೋಡಿ, ಆಮೇಲೆ ಟಿಕೆಟ್ ತಾರೀಖು ಗಟ್ಟಿ ಮಾಡಿ, ಪಹಣಿ ಅನುವಾದಕ್ಕೆ ಈ ವಾರವೇ ಕೊಡಿ ಎಂದೂ ಹೇಳಿದ್ದೇನೆ.